ಪಿಟಾ ಯಾಕೆ ಉಬ್ಬುವುದಿಲ್ಲ?

ಪ್ರಶ್ನೆ: ನಮ್ಮದು ಕಾರವಾರ. ಮಗ ನಾಲ್ಕು ವರ್ಷ ದುಬೈಯಲ್ಲಿದ್ದು ಬಂದವನು. ಅಲ್ಲಿ ತಿನ್ನುತ್ತಿದ್ದ ಖುಬೂಸ್, ಅಂದರೆ ಪಿಟಾ ಬ್ರೆಡ್ಡನ್ನು ಮನೆಯಲ್ಲೇ ಮಾಡಿಕೊಡು ಎನ್ನುತ್ತಾನೆ. ಅರ್ಧ ಕಿಲೋ ಮೈದಾಕ್ಕೆ ಎರಡು ಚಮಚ ಯೀಸ್ಟ್ ಹಾಕಿ ಕಲಸಿ, ಒಟಿಜಿಯಲ್ಲಿ, ಅಂದರೆ ಕರೆಂಟಿನ ಸಣ್ಣ ಓವನ್ನಿನಲ್ಲಿ, 200 ಡಿಗ್ರಿಗೆ ಹತ್ತು ನಿಮಿಷ ಬೇಯಿಸುತ್ತೇನೆ. ಹತ್ತರಲ್ಲಿ ಎರಡೋ ಮೂರೋ ಉಬ್ಬುತ್ತವೆ, ಉಳಿದವು ಬಿಸ್ಕತ್ತಿನ ಹಾಗೆ ಗಟ್ಟಿ. ಯೀಸ್ಟ್ ಹೆಚ್ಚು ಮಾಡಿದೆ, ಸೋಡಾ ಹಾಕಿ ನೋಡಿದೆ, ಏನೂ ಪ್ರಯೋಜನವಾಗಲಿಲ್ಲ. ಫ್ರಿಜ್ಜಿನಲ್ಲಿಟ್ಟರೆ ಮರುದಿನ ಮಡಚುವಾಗಲೇ ಮುರಿಯುತ್ತದೆ. ಮಳೆಗಾಲದಲ್ಲಂತೂ ಹಿಟ್ಟು ಕೈಗೆ ಮೆತ್ತಿಕೊಂಡು ಸಾಕುಬೇಕಾಗುತ್ತದೆ. ಎಲ್ಲಿ ತಪ್ಪುತ್ತಿದೆ? ಗೋಧಿ ಹಿಟ್ಟಿನಲ್ಲಿ ಮಾಡಬಹುದೇ? ಕರೆಂಟ್ ಹೋದರೆ ಗ್ಯಾಸಿನ ಮೇಲೆ ಆಗುತ್ತದೆಯೇ?

ಉತ್ತರ: ಹತ್ತರಲ್ಲಿ ಎರಡೋ ಮೂರೋ ಉಬ್ಬಿದವು ಎಂದಿರಲ್ಲ, ಅರ್ಧ ಉತ್ತರ ಅದರಲ್ಲೇ ಇದೆ. ಹತ್ತೂ ಒಂದೇ ಕಣಕದವು, ಹತ್ತಕ್ಕೂ ಹೋದದ್ದು ಅದೇ ಯೀಸ್ಟ್. ತಪ್ಪು ಯೀಸ್ಟಿನದಾಗಿದ್ದರೆ ಹತ್ತೂ ಒಟ್ಟಿಗೆ ಕೂತುಬಿಡುತ್ತಿದ್ದವು. ಒಂದು ಉಬ್ಬಿ ಇನ್ನೊಂದು ಉಬ್ಬದಿದ್ದರೆ ವ್ಯತ್ಯಾಸ ಬಂದದ್ದು ಉಂಡೆ ಕಟ್ಟಿದ ರೀತಿಯಲ್ಲಿ, ಲಟ್ಟಿಸಿದ ದಪ್ಪದಲ್ಲಿ ಅಥವಾ ಅದು ಬಿದ್ದ ಜಾಗದ ಕಾವಿನಲ್ಲಿ.

ಪೂರಿಗೆ ಯಾರೂ ಯೀಸ್ಟ್ ಹಾಕುವುದಿಲ್ಲ, ಆದರೂ ಅದು ಚೆಂಡಿನ ಹಾಗೆ ಏಳುತ್ತದೆ. ಫುಲ್ಕಾವೂ ಹಾಗೆಯೇ. ಪಿಟಾ ಒಳಗೆ ಟೊಳ್ಳಾಗಿ ಜೋಳಿಗೆಯಾಗುವುದೂ ಅದೇ ಕಾರಣಕ್ಕೆ: ಒಳಗಿನ ನೀರು ಥಟ್ಟನೆ ಆವಿಯಾಗಬೇಕು, ಆ ಆವಿ ಹೊರಹೋಗಲು ದಾರಿ ಸಿಗಬಾರದು. ಒಂದು ಗ್ರಾಂ ನೀರು ಆವಿಯಾದರೆ ಸುಮಾರು 1.7 ಲೀಟರ್ ಜಾಗ ಬೇಡುತ್ತದೆ. ಒಂದು ಪಿಟಾದ ಜೋಳಿಗೆ ಅರ್ಧ ಲೀಟರಿನದು ಎಂದುಕೊಂಡರೂ ಅದನ್ನು ತುಂಬಲು ಗ್ರಾಮಿನ ಮೂರನೇ ಒಂದು ಭಾಗ ನೀರು ಸಾಕು. ಹದವಾಗಿ ಕಲಸಿದ ಒಂದು ಪಿಟಾದಲ್ಲಿ ಮೂವತ್ತು ಗ್ರಾಮಿಗಿಂತ ಹೆಚ್ಚು ನೀರಿರುತ್ತದೆ. ಹಾಗಾಗಿ ನೀರಿಗೆ ಕೊರತೆಯಿಲ್ಲ. ಕೊರತೆಯಾಗುವುದು ವೇಗಕ್ಕೆ ಮತ್ತು ಹರಿಯದ ಚರ್ಮಕ್ಕೆ. ಸುಡುವ ಕಾವಲಿ ತಾಗಿದ ಕೂಡಲೇ ಕೆಳಗಿನ ಪದರ ಗಟ್ಟಿಯಾಗುತ್ತದೆ, ಒಟಿಜಿಯೊಳಗೆ ಮೇಲೆ ಕಾಯುವ ಕಂಬಿಯ ಕಾವಿಗೆ ಮೇಲಿನ ಪದರ ಗಟ್ಟಿಯಾಗುತ್ತದೆ, ನಡುವೆ ಇನ್ನೂ ಹಸಿಯಾಗಿರುವ ಹಿಟ್ಟಿನಲ್ಲಿ ಆವಿ ಹುಟ್ಟಿ ಎರಡನ್ನೂ ಬೇರ್ಪಡಿಸುತ್ತದೆ. ಇದೆಲ್ಲ ಎರಡು ನಿಮಿಷದೊಳಗೆ ಆಗಿಹೋಗಬೇಕು.

ನಿಮ್ಮ 200 ಡಿಗ್ರಿಯಲ್ಲಿ ಆಗುತ್ತಿರುವುದು ಇದರ ತಿರುಗುಮುರುಗು. ಕಾವು ನಿಧಾನವಾಗಿ ನಡುವಿಗೆ ತಲುಪುತ್ತದೆ, ಆವಿ ತುಸುತುಸುವೇ ಹುಟ್ಟಿ ಸಣ್ಣ ರಂಧ್ರಗಳಿಂದ ಹೊರಗೆ ಹೋಗುತ್ತದೆ, ಅಷ್ಟರಲ್ಲಿ ಮೇಲ್ಮೈ ಒಣಗಿ ಬಿರುಸಾಗುತ್ತದೆ. ಹತ್ತು ನಿಮಿಷದ ಹೊತ್ತಿಗೆ ಒಳಗಿನ ತೇವವೂ ಹೋಗಿ ಉಳಿಯುವುದು ಬಿಸ್ಕತ್ತೇ. ಯೀಸ್ಟ್ ಹೆಚ್ಚು ಮಾಡಿದಾಗ ಇನ್ನೂ ಕೆಟ್ಟದಾಯಿತು, ಅಲ್ಲವೇ? ಹಿಟ್ಟಿನ ತುಂಬ ನೂರಾರು ಗುಳ್ಳೆಗಳಾದರೆ ಆವಿ ಅವುಗಳಲ್ಲಿ ಹಂಚಿಹೋಗುತ್ತದೆ. ಒಂದು ದೊಡ್ಡ ಜೋಳಿಗೆಯ ಬದಲು ಪಾವಿನಂಥ ತಿರುಳು ಬರುತ್ತದೆ, ಮೇಲಿಂದ ಹುಳಿ ವಾಸನೆ. ಸೋಡಾವನ್ನಂತೂ ಪೂರ್ತಿ ಬಿಟ್ಟುಬಿಡಿ. ಅದರಿಂದ ಜೋಳಿಗೆ ಬರುವುದಿಲ್ಲ, ಬಣ್ಣ ಹಳದಿಗೆ ತಿರುಗಿ ಬಾಯಲ್ಲಿ ಸಾಬೂನಿನ ರುಚಿ ಉಳಿಯುತ್ತದೆ. ಪಿಟಾದಲ್ಲಿ ಯೀಸ್ಟಿನ ಕೆಲಸ ರುಚಿ, ಪರಿಮಳ, ಮೆತುತನ ಕೊಡುವುದು ಮತ್ತು ಕಣಕ ಹಿಗ್ಗುವ ಹಾಗೆ ಮಾಡುವುದು.

ಈಗ ಅಳತೆ. ಮೈದಾ 500 ಗ್ರಾಂ, ನೀರು 320 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 5 ಗ್ರಾಂ, ಉಪ್ಪು 10 ಗ್ರಾಂ, ಸಕ್ಕರೆ 10 ಗ್ರಾಂ, ಎಣ್ಣೆ 20 ಗ್ರಾಂ. ಒಟ್ಟು 865 ಗ್ರಾಂ ಕಣಕ, 86 ಗ್ರಾಮಿನ ಹತ್ತು ಉಂಡೆ. ನೀರನ್ನೂ ಗ್ರಾಮಿನಲ್ಲೇ ತೂಗಿ. ನೂರಿನ್ನೂರು ರೂಪಾಯಿ ಹೆಚ್ಚಾದರೂ ಚಿಂತೆಯಿಲ್ಲ, ಒಂದು ಅಡುಗೆ ತಕ್ಕಡಿ ಇಟ್ಟುಕೊಳ್ಳಿ. ಒಬ್ಬರು ಲೋಟದಲ್ಲಿ ಒತ್ತಿ ತುಂಬಿದ ಮೈದಾಕ್ಕೂ ಇನ್ನೊಬ್ಬರು ಸಡಿಲವಾಗಿ ತುಂಬಿದ್ದಕ್ಕೂ ಐದರಲ್ಲಿ ಒಂದು ಪಾಲು ವ್ಯತ್ಯಾಸ ಬರುವುದುಂಟು, ಪಿಟಾದಲ್ಲಿ ಅದು ದೊಡ್ಡ ವ್ಯತ್ಯಾಸ. ತಕ್ಕಡಿ ಬರುವವರೆಗೆ ಇಷ್ಟು ನೆನಪಿಡಿ: ಸಮ ಮಾಡಿದ ಒಂದು ಟೀ ಚಮಚ ಇನ್‌ಸ್ಟಂಟ್ ಯೀಸ್ಟ್ ಅಂದರೆ ಸುಮಾರು 3 ಗ್ರಾಂ. ನೀವು ಹಾಕುತ್ತಿರುವ ಎರಡು ಚಮಚ ಟೀ ಚಮಚವಾದರೆ ಅಳತೆ ಸ್ವಲ್ಪವೇ ಹೆಚ್ಚು. ಊಟದ ದೊಡ್ಡ ಚಮಚವಾದರೆ ಬೇಕಾದ್ದರ ಮೂರು ಪಟ್ಟಿಗೂ ಹೆಚ್ಚು ಹಾಕುತ್ತಿದ್ದೀರಿ.

ಮೈದಾ ಕೊಳ್ಳುವಾಗ ಪ್ಯಾಕೆಟ್ಟಿನ ಹಿಂದೆ ಪ್ರೋಟೀನ್ ನೋಡಿ. 100 ಗ್ರಾಮಿಗೆ 10 ಗ್ರಾಂ ಅಥವಾ ಅದಕ್ಕಿಂತ ಮೇಲಿದ್ದರೆ ಒಳ್ಳೆಯದು. ಗೋಧಿಯ ಪ್ರೋಟೀನೇ ನೀರು ಕುಡಿದು ಅಂಟಾಗಿ ಹಿಗ್ಗುವ ಚರ್ಮವಾಗುತ್ತದೆ. ಅದು ಕಡಿಮೆಯಿದ್ದರೆ ಆವಿ ಒತ್ತಿದ ಕಡೆ ಹರಿಯುತ್ತದೆ. ಎಣ್ಣೆ ಯಾವುದಾದರೂ ಆದೀತು. ತೆಂಗಿನೆಣ್ಣೆಯ ಪರಿಮಳ ಮನೆಯವರಿಗೆ ಹಿಡಿಸಿದರೆ ಅದನ್ನೇ ಹಾಕಿ, ಆದರೆ ಘಟ್ಟದ ಮೇಲಿನವರು ಚಳಿಯಲ್ಲಿ ಅದನ್ನು ಕರಗಿಸಿಕೊಳ್ಳಬೇಕಾಗುತ್ತದೆ.

ಮಳೆಗಾಲದಲ್ಲಿ ಕೈಗೆ ಮೆತ್ತುವುದಕ್ಕೆ ಕಾರಣ ಸರಳ. ಕರಾವಳಿಯ ಗಾಳಿಯ ತೇವವನ್ನು ಹಿಟ್ಟು ಹೀರಿಕೊಂಡಿರುತ್ತದೆ. ಶೇಕಡ 2ರಷ್ಟು ಹೀರಿದರೂ ಅರ್ಧ ಕಿಲೋದಲ್ಲಿ 10 ಗ್ರಾಂ ನೀರು ನೀವು ಹಾಕುವ ಮುನ್ನವೇ ಸೇರಿದಂತಾಯಿತು. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 300 ಗ್ರಾಂ ನೀರಿನಿಂದ ಶುರು ಮಾಡಿ. ಎರಡು ನಿಮಿಷ ಕಲಸಿದ ಮೇಲೆ ಗಟ್ಟಿ ಎನಿಸಿದರೆ ಮಾತ್ರ ಉಳಿದದ್ದನ್ನು ಚಮಚ ಚಮಚವಾಗಿ ಸೇರಿಸಿ. ಮೆತ್ತುತ್ತದೆಂದು ಮೇಲಿಂದ ಮೇಲೆ ಒಣ ಮೈದಾ ಉದುರಿಸಬೇಡಿ. ಹತ್ತು ನಿಮಿಷದ ನಾದುವಿಕೆಯಲ್ಲಿ ಅರಿವಿಲ್ಲದೆ 50 ಗ್ರಾಂ ಒಳಗೆ ಹೋಗಿರುತ್ತದೆ, ಕಣಕ ಗಟ್ಟಿಯಾಗುತ್ತದೆ, ಗಟ್ಟಿ ಕಣಕದ ಪಿಟಾ ಉಬ್ಬಿದರೂ ಸಂಜೆಯೊಳಗೆ ಬಿರುಸು. ಅಂಗೈಗೆ ಎಣ್ಣೆ ಸವರಿಕೊಂಡು ನಾದಿ. ಹೋಳಿಗೆಯ ಕಣಕದಷ್ಟು ಜೋಲಬಾರದು, ಚಪಾತಿಯ ಹಿಟ್ಟಿಗಿಂತ ಮೆದುವಾಗಿರಬೇಕು. ಎರಡರ ನಡುವಿನ ಹದ ಅದು.

ನೀರು ಎಷ್ಟು ಬೆಚ್ಚಗಿರಬೇಕೆಂದು ನೀವು ಕೇಳಿಲ್ಲ, ಆದರೂ ಹೇಳಬೇಕು. ಎಲ್ಲ ಪಾಕವಿಧಾನಗಳೂ 'ಉಗುರು ಬೆಚ್ಚಗಿನ ನೀರು' ಎನ್ನುತ್ತವೆ, ಕಾರವಾರದ ಏಪ್ರಿಲ್‌ಗೆ ಅದು ಸಲ್ಲದು. ಕಲಸಿ ಮುಗಿದ ಕಣಕ 27 ಡಿಗ್ರಿಯ ಆಸುಪಾಸಿನಲ್ಲಿರಬೇಕು. ಲೆಕ್ಕ ಹೀಗೆ: 27ನ್ನು ಮೂರರಿಂದ ಗುಣಿಸಿದರೆ 81. ಅದರಿಂದ ಅಡುಗೆಮನೆಯ ಉಷ್ಣತೆ, ಹಿಟ್ಟಿನ ಉಷ್ಣತೆ, ಕೈಯಿಂದ ನಾದುವಾಗ ಹುಟ್ಟುವ ಬಿಸಿಗೆ ಒಂದು 3, ಇಷ್ಟನ್ನು ಕಳೆಯಿರಿ. ಬೇಸಿಗೆಯಲ್ಲಿ ಕೋಣೆಯೂ ಹಿಟ್ಟೂ 31 ಇದ್ದರೆ ನೀರು 16 ಡಿಗ್ರಿಯದಾಗಬೇಕು, ಅಂದರೆ ಮಣ್ಣಿನ ಹೂಜಿಯ ನೀರಿಗೆ ಒಂದಿಷ್ಟು ಫ್ರಿಜ್ಜಿನ ನೀರು ಬೆರೆಸಬೇಕು. ಅದೇ ಡಿಸೆಂಬರಿನ ಬೆಳಿಗ್ಗೆ ಶಿರಸಿಯ ಅಡುಗೆಮನೆ 18 ಡಿಗ್ರಿ ಇದ್ದರೆ ನೀರು 42 ಡಿಗ್ರಿ. ಒಂದೇ ಜಿಲ್ಲೆ, ಒಂದೇ ಪಾಕವಿಧಾನ, ನೀರಿನಲ್ಲಿ ಇಷ್ಟು ಅಂತರ. ಯೀಸ್ಟ್ ಎಷ್ಟೇ ಒಳ್ಳೆಯದಿದ್ದರೂ 55 ಡಿಗ್ರಿ ದಾಟಿದ ನೀರು ಅದನ್ನು ಕೊಲ್ಲುತ್ತದೆ. ಬೆರಳು ಅದ್ದಿ ಹತ್ತು ಎಣಿಸುವವರೆಗೆ ಇಟ್ಟುಕೊಳ್ಳಲಾಗದಷ್ಟು ಬಿಸಿಯಿದ್ದರೆ ತಣಿಸಿ.

ಇನ್‌ಸ್ಟಂಟ್ ಯೀಸ್ಟನ್ನು ನೇರವಾಗಿ ಮೈದಾಕ್ಕೆ ಬೆರೆಸಬಹುದು. ದಪ್ಪ ಕಾಳಿನ ಆ್ಯಕ್ಟಿವ್ ಡ್ರೈ ಯೀಸ್ಟ್ ಆದರೆ ಐದರಲ್ಲಿ ಒಂದು ಪಾಲು ಹೆಚ್ಚು, ಅಂದರೆ 6 ಗ್ರಾಂ ತೆಗೆದುಕೊಂಡು, ಅಳತೆಯ ನೀರಿನಲ್ಲೇ ಸ್ವಲ್ಪ ಬೆಚ್ಚಗೆ ಮಾಡಿ ಹತ್ತು ನಿಮಿಷ ನೆನೆಸಬೇಕು. ಒಡೆದ ಪ್ಯಾಕೆಟ್ ನಮ್ಮ ಹವೆಯಲ್ಲಿ ಹೊರಗಿಟ್ಟರೆ ಬೇಗ ಸಾಯುತ್ತದೆ. ಗಾಳಿಯಾಡದ ಸಣ್ಣ ಡಬ್ಬಿಗೆ ಹಾಕಿ ಫ್ರೀಜರಿನಲ್ಲಿಡಿ. ಅನುಮಾನವಿದ್ದರೆ ಅರ್ಧ ಲೋಟ ಬೆಚ್ಚಗಿನ ನೀರಿಗೆ ಚಿಟಿಕೆ ಸಕ್ಕರೆ, ಅರ್ಧ ಚಮಚ ಯೀಸ್ಟ್ ಹಾಕಿ ಹತ್ತು ನಿಮಿಷ ಬಿಡಿ. ನೊರೆ ಕಟ್ಟದಿದ್ದರೆ ಚೆಲ್ಲಿಬಿಡಿ.

ಎಲ್ಲವನ್ನೂ ಕಲಸಿ ಹತ್ತು ನಿಮಿಷ ಮುಚ್ಚಿಡಿ, ಆಮೇಲೆ ನಾದಿ. ಆ ಹತ್ತು ನಿಮಿಷದಲ್ಲಿ ಹಿಟ್ಟು ತಾನಾಗಿ ನೀರು ಕುಡಿದು ನಿಮ್ಮ ಕೈಯ ಕೆಲಸ ಅರ್ಧ ಉಳಿಸುತ್ತದೆ. ಅಂಗೈಯ ಬುಡದಿಂದ ಮುಂದಕ್ಕೆ ಉಜ್ಜಿ, ಮಡಚಿ, ಕಾಲು ಸುತ್ತು ತಿರುಗಿಸಿ ಮತ್ತೆ ಉಜ್ಜುತ್ತ ಎಂಟರಿಂದ ಹತ್ತು ನಿಮಿಷ. ನಿಂಬೆಕಾಯಿಯಷ್ಟು ಕಣಕ ಕಿತ್ತು ಎರಡೂ ಕೈಯಿಂದ ಮೆಲ್ಲಗೆ ಹಿಗ್ಗಿಸಿದರೆ ಬೆಳಕು ಕಾಣುವಷ್ಟು ತೆಳ್ಳಗಾಗಿಯೂ ಹರಿಯದೆ ನಿಲ್ಲಬೇಕು. ಎಣ್ಣೆ ಸವರಿದ ಪಾತ್ರೆಯಲ್ಲಿ ಮುಚ್ಚಿಡಿ. ಕರಾವಳಿಯಲ್ಲಿ 45 ನಿಮಿಷದಿಂದ ಒಂದು ಗಂಟೆ ಸಾಕು, ಶಿರಸಿಯ ಚಳಿಯಲ್ಲಿ ಎರಡು ಗಂಟೆ ದಾಟಬಹುದು. ಗಡಿಯಾರಕ್ಕಿಂತ ಗಾತ್ರ ನೋಡಿ: ಒಂದಕ್ಕೆ ಎರಡಾಗಬೇಕು, ಅದಕ್ಕೂ ಮೀರಿ ಉಕ್ಕಿ ಕುಸಿಯುವವರೆಗೆ ಬಿಡಬಾರದು. ಪುರುಸೊತ್ತಿದ್ದವರು ಯೀಸ್ಟನ್ನು 2 ಗ್ರಾಮಿಗೆ ಇಳಿಸಿ ಕಣಕವನ್ನು ರಾತ್ರಿಯಿಡೀ ಫ್ರಿಜ್ಜಿನಲ್ಲಿಡಲಿ. 12ರಿಂದ 18 ಗಂಟೆ ಕಳೆದ ಆ ಕಣಕದ ರುಚಿಗೆ ಒಂದು ಗಂಟೆಯ ಕಣಕ ಯಾವ ಲೆಕ್ಕಕ್ಕೂ ಇಲ್ಲ.

ಇನ್ನು ನಿಮ್ಮ ಏಳು ಪಿಟಾಗಳು ಸೋಲುವ ಜಾಗ. ಉಂಡೆ ಕಟ್ಟುವುದನ್ನು ಬಹುತೇಕ ಜನ ಅವಸರದಲ್ಲಿ ಮುಗಿಸುತ್ತಾರೆ. ಚಪಾತಿಗೆ ಮಾಡುವ ಹಾಗೆ ಎರಡು ಅಂಗೈ ನಡುವೆ ಉರುಳಿಸಿ ಇಟ್ಟರೆ ಒಳಗೆ ಮಡಿಕೆಗಳು ಉಳಿಯುತ್ತವೆ, ಮಡಿಕೆಯಲ್ಲಿ ಒಣ ಹಿಟ್ಟೋ ಎಣ್ಣೆಯೋ ಸಿಕ್ಕಿಕೊಂಡಿರುತ್ತದೆ. ಲಟ್ಟಿಸಿದಾಗ ಆ ಮಡಿಕೆ ಕಣ್ಣಿಗೆ ಕಾಣದು, ಕಾವು ತಾಗಿದಾಗ ಆವಿ ಮೊದಲು ಹುಡುಕುವ ಬಿರುಕು ಅದೇ. ಹೀಗೆ ಮಾಡಿ: ತೂಗಿದ ತುಂಡನ್ನು ಮಣೆಯ ಮೇಲಿಟ್ಟು, ಅಂಚುಗಳನ್ನು ಒಂದೊಂದಾಗಿ ನಡುವಿಗೆ ಎಳೆದು ಗಂಟಿನ ಹಾಗೆ ಚಿವುಟಿ ಮುಚ್ಚಿ. ಗಂಟು ಕೆಳಗಾಗುವಂತೆ ತಿರುವಿ, ಅಂಗೈಯನ್ನು ಬಟ್ಟಲಿನಂತೆ ಬಾಗಿಸಿ, ಒಣಗಿದ ಮಣೆಯ ಮೇಲೆ ಸುತ್ತ ತಿರುಗಿಸಿ. ಹಿಟ್ಟು ಉದುರಿಸಿದ ಮಣೆಯಾದರೆ ಉಂಡೆ ಜಾರುತ್ತದೆ, ಬಿಗಿಯಾಗುವುದಿಲ್ಲ. ಮೇಲ್ಮೈ ನುಣುಪಾಗಿ ಬಿಗಿದು ಕೂತ ಮೇಲೆ ಒದ್ದೆ ಬಟ್ಟೆ ಹೊದಿಸಿ 15 ನಿಮಿಷ ಬಿಡಿ. ಈ ವಿರಾಮ ತಪ್ಪಿಸಿದರೆ ಲಟ್ಟಿಸಿದ್ದು ರಬ್ಬರಿನಂತೆ ಹಿಂದಕ್ಕೆ ಸೆಳೆದುಕೊಳ್ಳುತ್ತದೆ, ಸಿಟ್ಟಿನಿಂದ ಒತ್ತಿ ಲಟ್ಟಿಸುತ್ತೀರಿ, ನಡು ತೆಳ್ಳಗೆ ಅಂಚು ದಪ್ಪ ಆಗುತ್ತದೆ.

ಲಟ್ಟಿಸುವಾಗ ತೆಳುವಾಗಿ ಮೈದಾ ಉದುರಿಸಿ, ನಡುವಿನಿಂದ ಹೊರಕ್ಕೆ ಒಂದು ಸಲ, ತಿರುಗಿಸಿ ಮತ್ತೊಂದು ಸಲ. ಲಟ್ಟಣಿಗೆ ಅಂಚಿನಿಂದ ಕೆಳಗೆ ಜಾರಬಾರದು, ಜಾರಿದರೆ ಅಂಚು ಕತ್ತಿಯಂತೆ ತೆಳ್ಳಗಾಗಿ ಎರಡು ಪದರ ಅಲ್ಲೇ ಬೆಸೆದುಕೊಳ್ಳುತ್ತದೆ. 86 ಗ್ರಾಮಿನ ಉಂಡೆ 15 ಸೆಂಟಿಮೀಟರ್ ಅಗಲವಾದಾಗ ದಪ್ಪ ಸುಮಾರು 4ರಿಂದ 5 ಮಿಲಿಮೀಟರ್ ಇರುತ್ತದೆ, ಅದೇ ಬೇಕಾದ್ದು. 3 ಮಿಲಿಮೀಟರಿಗೆ ಇಳಿದರೆ ನಡುವೆ ಹಸಿ ಪದರವೇ ಉಳಿಯದೆ ಹಪ್ಪಳವಾಗುತ್ತದೆ, 8 ದಾಟಿದರೆ ಬನ್ನು. ಅಗಲಕ್ಕಿಂತ ಎಲ್ಲ ಕಡೆ ಒಂದೇ ದಪ್ಪ ಇರುವುದು ಮುಖ್ಯ. ಕೈ ಪಳಗುವವರೆಗೆ ಎರಡು ಬದಿಯಲ್ಲಿ 5 ಮಿಲಿಮೀಟರ್ ದಪ್ಪದ ಮರದ ಪಟ್ಟಿ ಇಟ್ಟು ಅವುಗಳ ಮೇಲೆ ಲಟ್ಟಣಿಗೆ ಓಡಿಸಿದರೆ ತಪ್ಪುವ ಮಾತೇ ಇಲ್ಲ. ಬಡಗಿಯ ಹತ್ತಿರ ಅಂಥ ಪಟ್ಟಿಯ ತುಂಡು ಸಿಕ್ಕೇ ಸಿಗುತ್ತದೆ.

ಲಟ್ಟಿಸಿದವನ್ನು ಮೈದಾ ಉದುರಿಸಿದ ಬಟ್ಟೆಯ ಮೇಲೆ ಒಂದಕ್ಕೊಂದು ತಾಗದಂತೆ ಹಾಸಿ, ಮೇಲೆ ಇನ್ನೊಂದು ಬಟ್ಟೆ ಹೊದಿಸಿ 10ರಿಂದ 15 ನಿಮಿಷ ಬಿಡಬೇಕು. ಫ್ಯಾನ್ ಆರಿಸಿ. ಗಾಳಿಗೆ ಒಂದು ಬದಿ ಒಣಗಿ ಚರ್ಮಗಟ್ಟಿದರೆ ಅದು ಹಿಗ್ಗದೆ ಸೀಳುತ್ತದೆ. ಡಿಸೆಂಬರ್, ಜನವರಿಯ ಒಣಗಾಳಿಯಲ್ಲಿ ಈ ತೊಂದರೆ ಜಾಸ್ತಿ, ಆಗ ನಡುವೆ ಒಮ್ಮೆ ಮಗುಚಿ ಹಾಕಿ. ಎತ್ತುವಾಗ ಬೆರಳ ತುದಿಯಿಂದ ಚಿವುಟಿ ಎತ್ತಬೇಡಿ. ಉಗುರು ತಾಗಿದ ಒಂದು ಕುಳಿ ಸಾಕು, ಅಲ್ಲಿಂದಲೇ ಆವಿ ಹೋಗುತ್ತದೆ. ಅಂಗೈಯನ್ನು ಅಡಿಗೆ ತೂರಿಸಿ ಎತ್ತಿ, ಇಲ್ಲವೇ ಮೈದಾ ಉದುರಿಸಿದ ತೆಳ್ಳನೆ ರಟ್ಟಿನ ಮೇಲಿಂದ ಜಾರಿಸಿ.

ಒಟಿಜಿಯ ವಿಷಯಕ್ಕೆ ಬಂದರೆ, ಅದರ ಜೊತೆ ಬಂದ ತೆಳು ಅಲ್ಯುಮಿನಿಯಂ ತಟ್ಟೆ ಪಿಟಾಕ್ಕೆ ಸಾಲದು. ತಣ್ಣನೆ ಹಿಟ್ಟು ತಾಗಿದ ಕೂಡಲೇ ಅದರ ಕಾವು ಬಿದ್ದುಹೋಗುತ್ತದೆ. ನಿಮ್ಮ ಮನೆಯ ಬೀಡಿನ ದೋಸೆ ಕಾವಲಿಯೇ ಒಳ್ಳೆಯ ಕಲ್ಲು. ಮರದ ಅಥವಾ ಪ್ಲಾಸ್ಟಿಕ್ ಹಿಡಿಯಿದ್ದರೆ ಕಳಚಿ, ಸಪಾಟಾದ ಅಡಿ ಮೇಲಾಗುವಂತೆ ಬೋರಲು ಹಾಕಿ ತಟ್ಟೆ ಕೂರಿಸುವ ಹಲ್ಲುಗಳಲ್ಲಿ ಕೆಳಗಿನಿಂದ ಎರಡನೆಯದರಲ್ಲಿಡಿ. ನಾನ್‌ಸ್ಟಿಕ್ ಕಾವಲಿ ಬೇಡ, 260 ಡಿಗ್ರಿ ದಾಟಿದರೆ ಅದರ ಲೇಪ ಒಡೆದು ಕೆಟ್ಟ ಹೊಗೆ ಬಿಡುತ್ತದೆ, ಕಂಬಿಯ ಹತ್ತಿರ ಅಷ್ಟು ಕಾವು ಸುಲಭವಾಗಿ ಬರುತ್ತದೆ. ಹಿತ್ತಲಲ್ಲಿ ಬಿದ್ದಿರುವ ಮಂಗಳೂರು ಹಂಚನ್ನು ಒಳಗಿಡೋಣವೆಂದು ಕೆಲವರಿಗೆ ಆಸೆಯಾಗುತ್ತದೆ. ಮಳೆ ಕುಡಿದ ಹಂಚು ಬಿಸಿಯಾದಾಗ ಒಳಗಿನ ನೀರು ಆವಿಯಾಗಿ ಸಿಡಿಯಬಹುದು. ಕಡಪಾ ಕಲ್ಲಿನ ತುಂಡೂ ಹಾಗೆಯೇ, ಬೇಡ.

ಮೇಲಿನ, ಕೆಳಗಿನ ಎರಡೂ ಕಂಬಿ ಹತ್ತಿಸಿ, ಗುಂಡಿಯನ್ನು 250ಕ್ಕೆ ತಿರುಗಿಸಿ. ನಿಮ್ಮದು 230ಕ್ಕೇ ನಿಲ್ಲುವುದಾದರೆ 230. ದೀಪ ಆರಿದ ಕೂಡಲೇ ಕಾವು ಬಂತೆಂದು ನಂಬಬೇಡಿ. ಆಗ ಬಿಸಿಯಾಗಿರುವುದು ಒಳಗಿನ ಗಾಳಿ ಮಾತ್ರ, ಎರಡು ಮೂರು ಕಿಲೋ ಬೀಡು ಕಾಯಲು ಅರ್ಧ ಗಂಟೆಯಿಂದ 40 ನಿಮಿಷ ಬೇಕು. ಚಿಟಿಕೆ ಮೈದಾವನ್ನು ಕಾವಲಿಯ ಮೇಲೆ ಚೆಲ್ಲಿ ನೋಡಿ. ಅರ್ಧ ನಿಮಿಷವಾದರೂ ಬೆಳ್ಳಗೇ ಇದ್ದರೆ ಇನ್ನೂ ಕಾಯಬೇಕು, ಬಿದ್ದ ಕ್ಷಣವೇ ಕಪ್ಪಾದರೆ ಕಾವು ಮೀರಿದೆ. ಒಂದು ಸಲಕ್ಕೆ ಒಂದೇ ಪಿಟಾ, ಕಾವಲಿ ದೊಡ್ಡದಿದ್ದರೆ ಎರಡು. ಹಾಕಿ ಬಾಗಿಲು ಮುಚ್ಚಿದರೆ ಒಂದೂವರೆ ನಿಮಿಷದಲ್ಲಿ ಅಲ್ಲಲ್ಲಿ ಗುಳ್ಳೆ ಎದ್ದು, ಎರಡನೇ ನಿಮಿಷಕ್ಕೆ ಅವು ಒಂದಾಗಿ ಪೂರ್ತಿ ಉಬ್ಬುತ್ತದೆ. ಮೂರು ನಿಮಿಷ, ಹೆಚ್ಚೆಂದರೆ ನಾಲ್ಕು, ತೆಗೆಯಿರಿ. ಕೆಂಪಾಗಲೆಂದು ಕಾಯಬೇಡಿ, ಪಿಟಾ ಬೆಳ್ಳಗೆ ಇದ್ದು ಅಲ್ಲಲ್ಲಿ ಕಂದು ಚುಕ್ಕೆ ಇದ್ದರೆ ಅದು ಬೆಂದಿದೆ. ಮುಂದಿನದನ್ನು ಹಾಕುವ ಮುನ್ನ ಎರಡು ನಿಮಿಷ ಬಾಗಿಲು ಮುಚ್ಚಿಡಿ, ತೆರೆದಾಗ ಹೋದ ಕಾವು ಮರಳಲಿ. ನಿಮ್ಮಲ್ಲಿ ಉಬ್ಬಿದ ಎರಡು ಮೂರು ಯಾವಾಗ ಹಾಕಿದವು ಎಂದು ನೆನಪಿಸಿಕೊಳ್ಳಿ. ಕೊನೆಯವಾಗಿದ್ದರೆ ಮೊದಲಿನವುಗಳಿಗೆ ಕಾವಲಿ ಕಾದಿರಲಿಲ್ಲ. ಮೊದಲಿನವಾಗಿದ್ದರೆ ಆಮೇಲೆ ಕಾವು ಬಿದ್ದಿತ್ತು, ಅಥವಾ ಉಳಿದವು ಕಾದು ಕಾದು ಅತಿಯಾಗಿ ಹುದುಗಿದ್ದವು. ಹತ್ತನ್ನೂ ಒಟ್ಟಿಗೆ ಲಟ್ಟಿಸಿಡಬೇಡಿ. ನಾಲ್ಕು ಲಟ್ಟಿಸಿ, ಅವು ಬೇಯುತ್ತಿರುವಾಗ ಮುಂದಿನ ನಾಲ್ಕು.

ಉಬ್ಬುವುದು ಅರ್ಧಕ್ಕೇ ನಿಂತು ಒಂದು ಬದಿ ಮಾತ್ರ ಎದ್ದರೆ ದಪ್ಪ ಸಮವಿಲ್ಲ. ಚಿಕ್ಕ ಚಿಕ್ಕ ಗುಳ್ಳೆಗಳಾಗಿಯೇ ಉಳಿದರೆ ಕೆಳಗಿನ ಕಾವು ಸಾಲದು ಅಥವಾ ಕಣಕ ಅತಿಯಾಗಿ ಹುದುಗಿದೆ. ಪೂರ್ತಿ ಉಬ್ಬಿ ಅಂಚಿನಲ್ಲಿ ಸೀಟಿ ಹೊಡೆದಂತೆ ಆವಿ ಬಿಟ್ಟು ಕುಸಿದರೆ ಉಂಡೆಯ ಗಂಟು ಸರಿಯಾಗಿ ಮುಚ್ಚಿಲ್ಲ. ಉಬ್ಬಿದ್ದೇನೋ ಸರಿ, ಒಂದು ಪದರ ಕಾಗದದಷ್ಟು ತೆಳು, ಇನ್ನೊಂದು ದಪ್ಪ ಎಂದಾದರೆ ಕಾವು ಒಂದೇ ಕಡೆಯಿಂದ ಹೆಚ್ಚು ಬರುತ್ತಿದೆ, ಕಾವಲಿಯನ್ನು ಒಂದು ಹಲ್ಲು ಮೇಲೆ ಅಥವಾ ಕೆಳಗೆ ಸರಿಸಿ ನೋಡಿ. ಏನೂ ಉಬ್ಬದೆ ಉಳಿದದ್ದನ್ನು ಎಸೆಯಬೇಡಿ. ತ್ರಿಕೋನವಾಗಿ ಕತ್ತರಿಸಿ ಎಣ್ಣೆ, ಉಪ್ಪು ಸವರಿ 160 ಡಿಗ್ರಿಯಲ್ಲಿ ಗರಿಗರಿ ಮಾಡಿದರೆ ಸಂಜೆಯ ಚಹಾಕ್ಕಾಗುತ್ತದೆ.

ಮೆತುತನದ ಅರ್ಧ ಗುಟ್ಟು ಹೊರಗೆ ತೆಗೆದ ಮೇಲಿನದು. ತೆಗೆದ ಕೂಡಲೇ ದಪ್ಪ ಹತ್ತಿ ಬಟ್ಟೆಯಲ್ಲಿ ಸುತ್ತಿ, ಒಂದರ ಮೇಲೊಂದು ಪೇರಿಸುತ್ತ ಹೋಗಿ. ಅವುಗಳದೇ ಆವಿ ಹೊರಮೈಯನ್ನು ಮೆತ್ತಗೆ ಮಾಡುತ್ತದೆ. ತಟ್ಟೆಯಲ್ಲಿ ತೆರೆದಿಟ್ಟರೆ ಐದು ನಿಮಿಷಕ್ಕೇ ಗಡುಸು. ಪೂರ್ತಿ ತಣಿದ ಮೇಲೆ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ಬಿಸಿಯಿರುವಾಗಲೇ ಕಟ್ಟಿದರೆ ಒಳಗೆ ಹನಿಗಟ್ಟಿ ಬೂಷ್ಟು ಬರುತ್ತದೆ.

ಫ್ರಿಜ್ಜಿನಲ್ಲಿ ಮುರಿಯುವುದು ಒಣಗಿದ್ದಕ್ಕಷ್ಟೇ ಅಲ್ಲ. ಬೆಂದಾಗ ನೀರು ಕುಡಿದು ಮೆತ್ತಗಾದ ಪಿಷ್ಟ ತಣಿದಾಗ ಮತ್ತೆ ಹರಳುಗಟ್ಟಿ ಬಿಗಿಯುತ್ತದೆ, ತಂಗಳನ್ನ ಗಟ್ಟಿಯಾಗುವ ಹಾಗೆ. ಫ್ರಿಜ್ಜಿನ ನಾಲ್ಕೈದು ಡಿಗ್ರಿಯಲ್ಲಿ ಈ ಕ್ರಿಯೆ ಹೊರಗಿನದಕ್ಕಿಂತ ಎಷ್ಟೋ ವೇಗ. ಫ್ರೀಜರಿನ ಮೈನಸ್ 18ರಲ್ಲಿ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಹಾಗಾಗಿ ಅದೇ ದಿನ ತಿನ್ನುವುದು ಹೊರಗೆ, ಉಳಿದದ್ದು ನಡುವೆ ಕಾಗದ ಇಟ್ಟು ನೇರ ಫ್ರೀಜರಿಗೆ. ಒಂದು ತಿಂಗಳು ಚೆನ್ನಾಗಿರುತ್ತದೆ. ಬೇಕಾದಾಗ ತೆಗೆದು ನೀರು ಚಿಮುಕಿಸಿ ಬಿಸಿ ಕಾವಲಿಯ ಮೇಲೆ ಒಂದೊಂದು ಬದಿ ಅರ್ಧ ನಿಮಿಷ. ಮಳೆಗಾಲದಲ್ಲಿ ಹೊರಗಿಟ್ಟದ್ದನ್ನು ಎರಡನೇ ದಿನಕ್ಕೆ ನಂಬಬೇಡಿ. ಬೂಷ್ಟು ಕಾಣದಿದ್ದರೂ ಅತಿಯಾಗಿ ಹಣ್ಣಾದ ಹಣ್ಣಿನ ವಾಸನೆ ಬಂದು, ಮುರಿದಾಗ ಒಳಗೆ ಅಂಟಿನ ಎಳೆ ಕಂಡರೆ ಬ್ಯಾಕ್ಟೀರಿಯಾ ಹಿಡಿದಿದೆ ಎಂದರ್ಥ, ಚೆಲ್ಲಬೇಕು. ಒಟಿಜಿ ಹೇಗೂ ಒಂದು ಗಂಟೆ ಉರಿಯುತ್ತದೆ, 2000 ವ್ಯಾಟಿನದಾದರೂ ಕಂಬಿ ನಡುನಡುವೆ ಆರುವುದರಿಂದ ಒಂದೂವರೆ ಯೂನಿಟ್ಟಿನಷ್ಟು ಖರ್ಚು. ಅದಕ್ಕೆ ಇಪ್ಪತ್ತು ಮಾಡಿ ಹತ್ತನ್ನು ಫ್ರೀಜರಿಗೆ ಹಾಕುವುದೇ ಲಾಭ.

ಗೋಧಿ ಹಿಟ್ಟಿನಲ್ಲಿ ಖಂಡಿತ ಮಾಡಬಹುದು, ಆದರೆ ಪೂರ್ತಿ ಗೋಧಿಯಿಂದ ಶುರು ಮಾಡಬೇಡಿ. ಮೊದಲು 350 ಗ್ರಾಂ ಮೈದಾ, 150 ಗ್ರಾಂ ಗೋಧಿ ಹಿಟ್ಟು. ಗಿರಣಿಯ ಹಿಟ್ಟು ಹೆಚ್ಚು ನೀರು ಕುಡಿಯುತ್ತದೆ, ಈ ಮಿಶ್ರಣಕ್ಕೆ 335ರಿಂದ 340 ಗ್ರಾಂ ಬೇಕಾದೀತು. ಪೂರ್ತಿ ಗೋಧಿಯಾದರೆ 360ರಿಂದ 375. ಗೋಧಿಯ ತವುಡು ಚೂಪು, ಹಿಗ್ಗುವ ಚರ್ಮವನ್ನು ಒಳಗಿಂದಲೇ ಕತ್ತರಿಸುತ್ತದೆ. ಕಲಸಿ ಅರ್ಧ ಗಂಟೆ ನೆನೆಯಲು ಬಿಟ್ಟರೆ ತವುಡು ಮೆತ್ತಗಾಗಿ ಆ ತೊಂದರೆ ಕಡಿಮೆ. ಇನ್ನೊಂದು ಉಪಾಯವೂ ಇದೆ: ಹಿಟ್ಟು ಜರಡಿ ಹಿಡಿದು ತವುಡು ಬೇರ್ಪಡಿಸಿ, ಲಟ್ಟಿಸುವಾಗ ಮೈದಾದ ಬದಲು ಆ ತವುಡನ್ನೇ ಉದುರಿಸಿ. ಈಜಿಪ್ಟಿನ 'ಆಯ್ಶ್ ಬಲದಿ' ಎಂಬ ಗೋಧಿ ಪಿಟಾಕ್ಕೆ ತವುಡು ಮೆತ್ತಿರುತ್ತದೆ. ಅಷ್ಟು ದೂರ ಯಾಕೆ, ನಿಮ್ಮ ಮಾಜಾಳಿ ದಾಟಿದರೆ ಗೋವಾದಲ್ಲಿ ಸಿಗುವ ಪೊಯಿಯೂ ಅದೇ ಜಾತಿಯದು: ಗೋಧಿ, ಮೇಲೆ ತವುಡು, ಒಳಗೆ ಟೊಳ್ಳು. ಯೀಸ್ಟಿನ ಪ್ಯಾಕೆಟ್ ಬರುವ ಮೊದಲು ಅದನ್ನು ಕಳ್ಳು ಹಾಕಿ ಹುದುಗು ಬರಿಸುತ್ತಿದ್ದರು. ಮಗನಿಗೆ ಖುಬೂಸ್ ಹೊಸ ರುಚಿಯಿರಬಹುದು, ಆದರೆ ಜೋಳಿಗೆಯ ರೊಟ್ಟಿ ಈ ಕರಾವಳಿಗೆ ಹೊಸದಲ್ಲ.

ಕರೆಂಟ್ ಹೋದ ದಿನ ಗ್ಯಾಸಿನ ಮೇಲೆ ಮಾಡಿ, ಕಣಕ ಅದೇ. ಸ್ವಲ್ಪ ತೆಳ್ಳಗೆ, 3.5ರಿಂದ 4 ಮಿಲಿಮೀಟರಿಗೆ ಲಟ್ಟಿಸಿ. ಬೀಡಿನ ಕಾವಲಿಯನ್ನು ಮಧ್ಯಮಕ್ಕಿಂತ ಮೇಲಿನ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ, ಎಣ್ಣೆ ಸವರಬೇಡಿ. ಮೊದಲ ಬದಿ 20ರಿಂದ 30 ಸೆಕೆಂಡ್, ಮೇಲೆ ಸಣ್ಣ ಗುಳ್ಳೆ ಕಂಡ ಕೂಡಲೇ ಮಗುಚಿ. ಈ ಬದಿ ಒಂದು ನಿಮಿಷ. ಮತ್ತೆ ಮಗುಚಿದಾಗ ಉಬ್ಬಲು ಶುರುವಾಗುತ್ತದೆ. ಮಡಚಿದ ಬಟ್ಟೆಯಿಂದ ಉಬ್ಬಿದ ಜಾಗದ ಪಕ್ಕದಲ್ಲಿ ಹಗುರವಾಗಿ ಒತ್ತಿದರೆ ಆವಿ ಉಳಿದ ಕಡೆಗೂ ಸರಿಯುತ್ತದೆ. ಮೊದಲ ಬದಿಯನ್ನು ಹೆಚ್ಚು ಹೊತ್ತು ಬಿಡುವುದೇ ಇಲ್ಲಿ ಎಲ್ಲರೂ ಮಾಡುವ ತಪ್ಪು: ಆ ಪದರ ದಪ್ಪಗೆ ಬೆಂದು, ಬೇರ್ಪಡಲು ಹಸಿ ಹಿಟ್ಟೇ ಉಳಿದಿರುವುದಿಲ್ಲ. ಇನ್ನೂ ಚೆನ್ನಾಗಿ ಬರಬೇಕಾದರೆ ಕಬ್ಬಿಣದ ಬಾಣಲೆಯೊಂದನ್ನು ಪಕ್ಕದ ಒಲೆಯಲ್ಲಿ ಕಾಯಿಸಿಟ್ಟು, ಪಿಟಾ ಕಾವಲಿಗೆ ಬಿದ್ದ ಕೂಡಲೇ ಅದರ ಮೇಲೆ ಬೋರಲು ಹಾಕಿ. ಮೇಲಿನಿಂದಲೂ ಕಾವು ಸಿಕ್ಕಿ ಒಟಿಜಿಯ ಹತ್ತಿರ ಹತ್ತಿರ ಬರುತ್ತದೆ. ಕೈಗೆ ದಪ್ಪ ಬಟ್ಟೆ ಇರಲಿ.

ಕತ್ತರಿಸುವ ಮುನ್ನ ಐದು ನಿಮಿಷ ತಡೆಯಿರಿ, ಒಳಗಿನ ಆವಿ ಕೈ ಸುಡುತ್ತದೆ. ನಡುವೆ ಅಡ್ಡಲಾಗಿ ಎರಡು ಹೋಳು ಮಾಡಿ ಬೆರಳಿನಿಂದ ಬಾಯಿ ಬಿಡಿಸಿ. ಬಂಗುಡೆ ಫ್ರೈ ಆಗಲಿ, ಒಣ ಪಲ್ಯವಾಗಲಿ, ಮೊದಲು ಸೌತೆಕಾಯಿಯ ತೆಳು ಬಿಲ್ಲೆಗಳನ್ನು ಒಳಗೋಡೆಗೆ ಒರಗಿಸಿ ಆಮೇಲೆ ತುಂಬಿ. ಮಸಾಲೆಯ ರಸ ನೇರವಾಗಿ ಪದರಕ್ಕೆ ತಾಗದೆ, ತಿಂದು ಮುಗಿಯುವವರೆಗೆ ತಳ ಹರಿಯುವುದಿಲ್ಲ.